ಎರಡನೇ ಸಹಿ

ಆಡಿಟರ್ ಕಚೇರಿಯ ಬೆಂಚಿನ ಮೇಲೆ ಹುಸೇನಪ್ಪ ಕೂತದ್ದನ್ನು ಕಂಡು ಮಲಕಪ್ಪನ ಪಿತ್ತ ನೆತ್ತಿಗೇರಿತು.

ತಳೇಗಾಂವದ ತನ್ನ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರ ಈ ಕೆಲಸಗಾರನ ಬಲಗೈಯ ಮೂರು ಬೆರಳು ನುಂಗಿ ವರ್ಷವಾಗಿತ್ತು. ಅವನು ಇನ್ನೂ ಪರಿಹಾರದ ದಾವೆ ಹಾಕಿರಲಿಲ್ಲ. ಹಾಕುವ ಮೊದಲೇ ಕಂಪನಿ ಮುಚ್ಚಿಬಿಡಬೇಕು. ಮಲಕಪ್ಪ ಶಿವಾಜಿನಗರದ ಈ ಕಚೇರಿಗೆ ಬಂದದ್ದೇ ಅದಕ್ಕೆ. ಇಂಥ ಹೊತ್ತಿಗೆ ಇವನಿಗೆ ಸುದ್ದಿ ಮುಟ್ಟಿಸಿದವರಾರು? ಹೆಂಡತಿ ನಾಗವ್ವನತ್ತ ದುರುಗುಟ್ಟಿ ನೋಡಿದ. ಅವಳು ತನಗೆ ಬಂದ ಚಹಾವನ್ನು ಹುಸೇನಪ್ಪನಿಗೆ ದಾಟಿಸಿದಳು.

ಮಲಕಪ್ಪ ಹೆಡ್ಡನಲ್ಲ. ಹುಸೇನಪ್ಪನ ಬೆರಳು ಹೋದ ವಾರವೇ ಡೈರೆಕ್ಟರ್‌ಗಿರಿಗೆ ರಾಜೀನಾಮೆ ಕೊಟ್ಟು, ಶೇರೆಲ್ಲ ಹೆಂಡತಿಯ ಹೆಸರಿಗೆ ಬರೆದು, ಅವಳನ್ನೇ ಡೈರೆಕ್ಟರ್ ಮಾಡಿದ್ದ. ಕಾಯ್ದೆಗೆ ಇಬ್ಬರು ಡೈರೆಕ್ಟರ್ ಬೇಕೆಂದಾಗ, ನಿನ್ನ ತಮ್ಮ ಮಾಂತೂನ ಹೆಸರು ಹಾಕಿಸು, ನನ್ನ ತಲಿ ತಿನ್ನಬ್ಯಾಡ ಎಂದು ಅವಳಿಗೇ ವಹಿಸಿದ್ದ. ಕಂಪನಿ ಮುಚ್ಚುವಾಗ ಡೈರೆಕ್ಟರ್‌ಗಳು ಬಾಂಡ್ ಬರೆದುಕೊಡಬೇಕು. ಆಮೇಲೆ ಯಾರು ಏನು ಕೇಳಿಕೊಂಡು ಬಂದರೂ ಅದು ಸಹಿ ಹಾಕಿದವರ ಕೊರಳಿಗೆ. ಅಕ್ಕ-ತಮ್ಮ ಹಾಕಲಿ. ತಾನು ದಡದ ಮೇಲೆ.

ಹನ್ನೊಂದಾಯಿತು. ಮಾಂತುವಿನ ಸುಳಿವಿಲ್ಲ. ನಾಲ್ಕು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಮಲಕಪ್ಪ ಕಿಟಕಿಗೆ ಹೋಗಿ ಕೆಳಗಿನ ರಿಕ್ಷಾಗಳನ್ನು ಇಣುಕಿ ನೋಡಿದ, ಬಂದು ಕೂತ, ಮತ್ತೆ ಎದ್ದ. ಕೊನೆಗೆ ಹುಸೇನಪ್ಪನ ಎದುರಿಗೇ ಹೋಗಿ ನಿಂತ.

"ಇಲ್ಲಿ ನಿನಗ ಏನೂ ಸಿಗಂಗಿಲ್ಲ. ಎದ್ದು ನಡಿ."

"ಬಾ ಅಂದಾರ್ರಿ ಧಣ್ಯಾರ, ಬಂದೀನಿ," ಎಂದ ಹುಸೇನಪ್ಪ. ಏಳಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಮೂವರೂ ಹೋದರು. ಹುಸೇನಪ್ಪನನ್ನು ಹೊರಗೆ ಹಾಕಿರೆಂದು ಮಲಕಪ್ಪ ಕೂಗಾಡಿದ. ಆಡಿಟರ್ ಬಸವಪ್ರಭು ಕೇಳಿಸದವನಂತೆ ನಾಗವ್ವನ ಮುಂದೆ ಬಾಂಡ್ ಹರವಿದ.

"ಸಹಿ ಮಾಡು. ಏನ್ ನೋಡ್ತಿ?" ಎಂದು ಮಲಕಪ್ಪ ಗದರಿದ.

"ಒಬ್ಬಾಕಿನ ಹೆಂಗ ಮಾಡ್ಲಿರಿ? ಇನ್ನೊಬ್ರು ಏನಂತಾರ ಕೇಳಬೇಕಲ್ಲ."

"ಮಾಂತು ನಾ ಹೇಳ್ದಂಗ ಕೇಳ್ತಾನ."

ಬಸವಪ್ರಭು ಕನ್ನಡಕ ತೆಗೆದಿಟ್ಟ. ಈ ಕಂಪನಿಯಲ್ಲಿ ಈಗ ಮಲಕಪ್ಪನಿಗೆ ಯಾವ ಅಧಿಕಾರವೂ ಇಲ್ಲ, ಡೈರೆಕ್ಟರ್‌ಗಳ ನಡುವೆ ಬಾಯಿ ಹಾಕುವ ಹಾಗಿಲ್ಲ ಎಂದು ಸಾವಕಾಶ ತಿಳಿಸಿದ. ಆಮೇಲೆ ಬಾಂಡನ್ನು ಮೇಜಿನ ಆಚೆ ಬದಿಗೆ ಸರಿಸಿದ.

"ಹೇಳ್ರಿ ಹುಸೇನಪ್ಪನವರ, ಎರಡನೇ ಡೈರೆಕ್ಟರ್ ನೀವು. ಕಂಪನಿ ಮುಚ್ಚೂದೋ, ನಡಸೂದೋ?"