ಹನ್ನೊಂದು ಗಂಟೆಯ ಫೋನು

ಹುಬ್ಬಳ್ಳಿಯ ಪಂಪ್ ಕಾರ್ಖಾನೆಯಿಂದ ಬೆಳಗಾವಿಯ ಫೌಂಡ್ರಿಗೆ ದಿನಾ ಹನ್ನೊಂದಕ್ಕೆ ಯಂತ್ರವೇ ಫೋನು ಮಾಡಿ ಮಾಲು ಕೇಳುತ್ತದೆ, ನಿವೃತ್ತಳಾದ ಶಕುಂತಲಾಳ ದನಿಯಲ್ಲಿ. ಅತ್ತಲೂ ಯಂತ್ರವೇ, ಫೌಂಡ್ರಿ ಬಿಟ್ಟ ಈರಪ್ಪನ ದನಿಯಲ್ಲಿ ಉತ್ತರಿಸುತ್ತದೆ.

ಹಳೆಯ ಗೆಳತಿಯರನ್ನು ನೋಡಲು ಒಮ್ಮೆ ಕಾರ್ಖಾನೆಗೆ ಹೋದ ಶಕುಂತಲಾ ನಿಂತು ಆ ಫೋನು ಕೇಳಿಸಿಕೊಂಡಳು.

“ನಾಳೆ ನಲವತ್ತು ಪಂಪಿನ ಕವಚ ಬೇಕ್ರಿ.”

“ಕಳಸ್ತೀನ್ರಿ ಅಕ್ಕಾರ. ನಾಷ್ಟಾ ಆತೇನ್ರಿ?”

“ಆತ್ರಿ. ನಿಮ್ದು?”

“ನಾಷ್ಟಾದ ಮಾತು ಯಾಕ ಉಳಿಸೀರಿ?” ಎಂದು ಅವಳು ಮ್ಯಾನೇಜರನ್ನು ಕೇಳಿದಳು.

“ಇಪ್ಪತ್ತು ವರ್ಷದ ನಿಮ್ಮಿಬ್ಬರ ಫೋನ್ ಕೇಳೇ ಕಲ್ತಾವ್ರಿ. ಅದನ್ನ ಬಿಡವಲ್ವು.”

ಅವಳು ಹೊರಗೆ ಬಂದು ಈರಪ್ಪನಿಗೆ ತಾನೇ ಫೋನು ಮಾಡಿದಳು.

“ಈರಪ್ಪಾರ, ಖರೇನ ನಾನ್ರಿ. ನಾಡದು ಬೆಳಗಾವಿಗೆ ಬರಾಕತ್ತೀನಿ. ಒಮ್ಮೆನೂ ಮಾರಿ ನೋಡಿಲ್ಲ, ಹೆಂಗ ಗುರ್ತು ಹಿಡೀತೀರಿ?”

ಈರಪ್ಪ ನಕ್ಕ. “ಸ್ಟೇಷನ್ದಾಗ ಇಳದು ಒಂದ್ ಮಾತು ಆಡ್ರಿ ಸಾಕು.”