ಮೈನಸ್ ಬೇಡಿದ ಚಂದ್ರವ್ವ

ಗಣಿತದ ಸೂತ್ರ ತಿದ್ದಿ ಬೀದಿಗಳ ಏರಿಳಿತ ಬದಲಿಸುವುದು ಆ ಊರಿನ ಪುರಸಭೆಯ ಕೆಲಸ. ತಗ್ಗಿನ ಮನೆಯ ಚಂದ್ರವ್ವನಿಗೆ, ದಿಬ್ಬದ ಮೇಲಿನ ಅಂಬಕ್ಕನನ್ನು ಕತ್ತೆತ್ತಿ ನೋಡಿ ನೋಡಿ ರೋಸಿಹೋಗಿತ್ತು.

“ಸಾಹೇಬ್ರ, ನಮ್ಮ ಓಣಿ ಸೂತ್ರಕ್ಕೊಂದು ಮೈನಸ್ ಹಾಕ್ರಿ. ನಾ ಮ್ಯಾಲ, ಆಕಿ ಕೆಳಗ!”

“ನಾಳೆ ಆಕಿ ಬಂದು ಮತ್ತ ತಿರುವು ಅಂತಾಳ” ಎಂದು ಗೊಣಗಿದ ಗುಮಾಸ್ತ, ಮೈನಸ್ ಹಾಕದೆ ಸೂತ್ರದ ಎರಡೂ ಬದಿಗೆ ಒಂದೊಂದು ನೆಟ್ಟನೆಯ ಗೆರೆ ಎಳೆದು, ಮೈನಸ್ಸನ್ನೆಲ್ಲ ಪ್ಲಸ್ ಮಾಡುವ ಮಾಡ್ಯುಲಸ್ ಗುರುತು ಹಾಕಿಬಿಟ್ಟ. ತಗ್ಗೆಲ್ಲ ಅಷ್ಟೇ ಎತ್ತರದ ದಿಬ್ಬವಾಯಿತು; ಮೊದಲಿನ ದಿಬ್ಬ ಮಿಸುಕಲಿಲ್ಲ. ನಡುವೆ ಸೊನ್ನೆಯ ಮಟ್ಟದಲ್ಲಿದ್ದ ಹುಸೇನಸಾಬನ ಚಹಾದಂಗಡಿಯೂ ಇದ್ದಲ್ಲೇ ಉಳಿಯಿತು.

ಬೆಳಿಗ್ಗೆ ಬೀಗುತ್ತ ಬಾಗಿಲು ತೆರೆದ ಚಂದ್ರವ್ವನ ಎದುರಿಗೇ, ಕಣ್ಣಿಗೆ ಕಣ್ಣು ಸಮನಾಗಿ ಅಂಬಕ್ಕ! ಆಕೆ ಕೆಳಗಿಣುಕಿ ಕಿಸಕ್ಕನೆ ನಕ್ಕಳು.

“ಚಂದ್ರವ್ವಾ, ಹುಸೇನಸಾಬನ ಬೋಳ ತಲಿ ಎಷ್ಟ ಮಿಂಚತೈತಿ ನೋಡಲ್ಲಿ!”