ಬಾರದ ಆನೆಯ ಲದ್ದಿ

ಬೆಳಿಗ್ಗೆ ಬಾಗಿಲು ತೆಗೆದರೆ ಲಿಂಗಮ್ಮನ ಅಂಗಳದಲ್ಲಿ, ಸರಿಯಾಗಿ ಹಲಸಿನ ಮರದ ಬುಡಕ್ಕೆ, ಒಂದು ಗುಡ್ಡೆ ಆನೆ ಲದ್ದಿ. ಅವಳು ಕಣ್ಣುಜ್ಜಿಕೊಂಡು ಅದನ್ನು ನೋಡಿ ಮುಗಿಸುವ ಮೊದಲೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಣ್ಣಸ್ವಾಮಿ ಮೂರು ಆಳು, ಮರ ಕೊಯ್ಯುವ ಮಿಷನ್ನು ಸಮೇತ ಬೇಲಿ ದಾಟಿ ಬಂದೇಬಿಟ್ಟ.

“ಲಿಂಗಮ್ಮಕ್ಕ, ಹೆದರ್ಕಬೇಡಿ! ಆನೆ ಬಂದೈತೆ ಅಂತ ಗೊತ್ತಾಗಿ ಸಾವ್ಕಾರ್ರು ನಮ್ಮನ್ನ ಓಡಿಸಿದ್ರು. ಹಲಸಿನ ವಾಸನೆಗೇ ಅದು ಬರೋದು. ಈ ಮರ ಒಂದು ತೆಗೆದುಬಿಟ್ರೆ ನಿಮ್ಮ ಜೀವ ಉಳೀತದೆ.”

“ನಂಗೇ ಈಗ ಗೊತ್ತಾಯ್ತು ಕಣಪ್ಪ. ನಿಮ್ಮ ಸಾವ್ಕಾರ್ರಿಗೆ ಆನೆನೇ ಫೋನ್ ಮಾಡಿತ್ತೇನೋ?”

ಸಣ್ಣಸ್ವಾಮಿಗೆ ಕೆಮ್ಮು ಬಂತು. ಲಿಂಗಮ್ಮ ಲದ್ದಿಗೆ ದೇವರಿಗೆ ಬಂದ ಹಾಗೆ ಒಂದು ಸುತ್ತು ಬಂದಳು. ರಾತ್ರಿ ಬಿದ್ದ ಮಳೆಗೆ ಅಂಗಳ ರೊಟ್ಟಿ ಹಿಟ್ಟಿನಷ್ಟು ಮೆತ್ತಗಾಗಿತ್ತು. ಕೋಳಿ ನಡೆದದ್ದು ಕಾಣುತ್ತಿತ್ತು, ಕೋಳಿ ಮರಿ ನಡೆದದ್ದೂ ಕಾಣುತ್ತಿತ್ತು. ಆನೆಯದು ಒಂದು ಹೆಜ್ಜೆಯೂ ಇಲ್ಲ. ಅದು ಆಕಾಶದಲ್ಲೇ ತೇಲಿ ಬಂದು, ಕೆಲಸ ಮುಗಿಸಿ, ಮಡಿಕೇರಿ ಕಡೆಗೆ ಹಾರಿ ಹೋಗಿರಬೇಕು. ಸಾಲದ್ದಕ್ಕೆ ಲದ್ದಿ ತಟ್ಟೆಗೆ ಬೋರಲು ಹಾಕಿದ ಇಡ್ಲಿಯ ಹಾಗೆ ಗುಂಡಗೆ ಕೂತಿತ್ತು, ಅದರ ಮೈಮೇಲೆಲ್ಲ ಬಿದಿರು ಮಂಕರಿಯ ಹೆಣಿಗೆಯ ಗೆರೆ.

ಗುಡ್ಡದ ಮೇಲಿನ ತನ್ನ ತೋಟಕ್ಕೆ ಜೀಪು ಹೋಗಲು ಈ ಅಂಗಳದಲ್ಲೇ ದಾರಿ ಬೇಕೆಂದು ಸಾವ್ಕಾರ್ ಧರ್ಮೇಂದ್ರ ಎರಡು ವರ್ಷದಿಂದ ಬೆನ್ನು ಹತ್ತಿದ್ದ. ಅಡ್ಡ ಇದ್ದದ್ದು ಈ ಮರ ಒಂದೇ. ಕುಶಾಲನಗರದ ಸಂತೆಯಲ್ಲಿ ಲಿಂಗಮ್ಮ ಎಂದರೆ ಯಾರಿಗೂ ತಿಳಿಯದು, ಹಲಸಿನ ಹಪ್ಪಳದವಳು ಎಂದರೆ ದಿಲ್ಲಿಯವರೆಗೂ ಗೊತ್ತು. ಮರ ಬಿದ್ದರೆ ಅವಳ ಹೆಸರೇ ಬಿದ್ದ ಹಾಗೆ.

ಒಳಗೆ ಟೀವಿ ಕಿರುಚುತ್ತಿತ್ತು. ಸೊಸೆ ಆಶಾರಾಣಿ ಹೊಸ್ತಿಲಿಗೆ ಬಂದು ಕೂಗಿದಳು: “ಅತ್ತೆ, ಅಮೆರಿಕದೋರು ಮತ್ತೆ ಹಡಗು ತುಂಬ ಸೈನ್ಯ ಕಳಿಸ್ತಾವ್ರೆ. ಯಾವ್ದೋ ದೇಶ ಕಾಪಾಡಕ್ಕಂತೆ.”

“ಆ ದೇಶದೋರು ಕರೆದಿದ್ರಾ?”

“ಕರೆಯೋಗಂಟ ಇವ್ರೆಲ್ಲಿ ಕಾಯ್ತಾರೆ? ಅವತ್ತು ಇರಾಕಿಗೆ ಹೋದಾಗ್ಲೂ ಹಂಗೇ. ಅಲ್ಲಿ ಭಾರೀ ಬಾಂಬು ಬಚ್ಚಿಟ್ಟವ್ರೆ ಅಂತ ನುಗ್ಗಿದ್ರು. ಹುಡುಕಿದ್ರೆ ಇಲ್ಲವೇ ಇಲ್ಲ!”

“ಇಲ್ಲ ಅಂದ್ಮೇಲೆ ವಾಪಸ್ ಹೊರಟ್ರು ತಾನೆ?”

“ಎಲ್ಲಿ ಹೊರಡ್ತಾರೆ? ವರ್ಷಗಟ್ಟಲೆ ಅಲ್ಲೇ ಕೂತ್ರು. ಆ ನೆಲದಡೀಲಿ ಎಣ್ಣೆ ಐತಲ್ಲ ಅತ್ತೆ!”

ಲಿಂಗಮ್ಮ ಲದ್ದಿ ನೋಡಿದಳು, ಮಿಷನ್ನು ನೋಡಿದಳು, ಆಮೇಲೆ ಕತ್ತೆತ್ತಿ ಮೇಲಿನ ತೋಟ ನೋಡಿದಳು. ನಕ್ಕಳು ಅಂದರೆ ನಕ್ಕಳು. ಮಾಡಿನ ಮೇಲಿದ್ದ ಕಾಗೆಗಳು ಎದ್ದು ಹಾಸನದ ದಿಕ್ಕಿಗೆ ಹಾರಿದವು.

“ಮರ ಕೊಯ್ಯೋದು ಇದ್ದಿದ್ದೇ. ಕಾಪಾಡಕ್ಕೆ ಬಂದೋರು ಬರೀ ಹೊಟ್ಟೇಲಿ ಇರಬಾರ್ದು” ಎಂದು ಹಸುಗೂಸಿನಷ್ಟು ದೊಡ್ಡ ಹಣ್ಣೊಂದನ್ನು ಸೀಳಿ ಅವರ ಮುಂದೆ ಉರುಳಿಸಿದಳು. ಹಲಸು ಬಿಡಿಸುವ ಮೊದಲು ಕೈಗೆ ಎಣ್ಣೆ ಹಚ್ಚಬೇಕೆಂದು ಇಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಆದರೆ ಆ ಪರಿಮಳಕ್ಕೆ ನಾಲ್ವರಿಗೂ ಬುದ್ಧಿ ಜಾರಿತು. ತಿಂದು ಏಳುವಷ್ಟರಲ್ಲಿ ಮೇಣಕ್ಕೆ ಒಬ್ಬನ ಬೆರಳು ಬೆರಳಿಗೇ ಹತ್ತಿಕೊಂಡಿದ್ದವು, ಒಬ್ಬನ ಕೈ ಅವನ ಮೀಸೆಗೇ ಹತ್ತಿತ್ತು. ಸಣ್ಣಸ್ವಾಮಿಯ ಅಂಗೈಯಿಂದ ಅವನ ಫೋನು ಏನು ಮಾಡಿದರೂ ಇಳಿಯದು. ಮಿಷನ್ನು ಮುಟ್ಟುವವರು ಯಾರು?

“ಅಕ್ಕಾ, ಒಂಚೂರು ಎಣ್ಣೆ ಕೊಡಿ ಅಕ್ಕಾ!”

“ನೋಡ್ದೇನೇ ಆಶಾ, ಇವ್ರೂ ಕೊನೆಗೆ ಎಣ್ಣೇನೇ ಕೇಳಿದ್ರು!” ಎಂದು ಲಿಂಗಮ್ಮ ಎಣ್ಣೆ ಬಾಟಲಿಯನ್ನು ಸೆರಗಿನೊಳಗೆ ಭದ್ರ ಮಾಡಿಕೊಂಡು, ಲದ್ದಿಯನ್ನು ಮಂಕರಿಗೆ ಬಾಚಿ ತಲೆಗೇರಿಸಿದಳು. ಸೊಸೆ ಖಾಲಿ ಡಬ್ಬ ಬಡಿಯುತ್ತ ಹಿಂದೆ ಹೊರಟಳು. ಎಸ್ಟೇಟಿನ ಕೂಲಿ ಲೈನಿನ ಮನೆಗಳಿಂದ ಕೆಲಸಕ್ಕೆ ಹೊರಟಿದ್ದ ಹೆಂಗಸರು, ಏನು ಎತ್ತ ಎಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಗುತ್ತ ಸೇರಿಕೊಂಡರು. ಸಾವ್ಕಾರರ ಬಂಗಲೆ ಮುಟ್ಟುವಾಗ ಅದು ಮೂರು ಮದುವೆಯ ದಿಬ್ಬಣದಷ್ಟಾಗಿತ್ತು.

ಧರ್ಮೇಂದ್ರ ಕಾಫಿ ಲೋಟ ಹಿಡಿದು ಹೊರಗೆ ಬಂದರೆ, ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ ಕೆಂಪು ನೆಲದ ಮೇಲೆ ಲದ್ದಿಯ ಗುಡ್ಡೆ. ಜಗಲಿ ತುಂಬ ಹೆಂಗಸರು.

“ಏನಿದು ಲಿಂಗಮ್ಮ?”

“ಆನೆ ಬಂದೈತೆ ಸಾವ್ಕಾರ್ರೆ! ಹೆದರ್ಕಬೇಡಿ, ನಿಮ್ಮನ್ನ ಕಾಪಾಡಕ್ಕೇ ಬಂದಿದೀವಿ.”

“ಯಾವ ಆನೆ? ಹೆಜ್ಜೆ ಎಲ್ಲಿದೆ? ಯಾರೋ ಮಂಕರೀಲಿ ತಂದು ಸುರಿದಿದ್ದಾರೆ, ಅಷ್ಟೆ!”

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಜಗಲಿಯಲ್ಲಿ ಯಾರೋ ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ.

“ಅದನ್ನೇ ನಿಮ್ಮ ರೈಟರಿಗೂ ಒಂದು ಸಲ ಹೇಳಿಬಿಡಿ. ಫೋನು ಅವನ ಕೈಯಲ್ಲೇ ಐತೆ, ಎಲ್ಲೂ ಹೋಗಲ್ಲ.”

ಧರ್ಮೇಂದ್ರ ಕಿವಿಯವರೆಗೂ ಕೆಂಪಾಗಿ ಫೋನು ಹಚ್ಚಿದ. “ಮರ ಮುಟ್ಟಬೇಡ, ಮಿಷನ್ ಎತ್ಕೊಂಡು ವಾಪಸ್ ಬಾ” ಎಂದ. ಮತ್ತೆ ಲಿಂಗಮ್ಮನ ಕಡೆ ತಿರುಗಿ, “ಆಯ್ತಲ್ಲ? ಇನ್ನು ಹೊರಡಿ” ಎಂದ.

ಲಿಂಗಮ್ಮ ಕಂಬಕ್ಕೆ ಬೆನ್ನು ಕೊಟ್ಟು, ಕೆಂಪು ನೆಲದ ಮೇಲೆ ಕಾಲು ನೀಡಿ ಕೂತಳು.

“ಅದೆಂಗಾಯ್ತದೆ ಸಾವ್ಕಾರ್ರೆ? ಬಂದಿರೋ ಆನೆ ಆದ್ರೆ ಒಂದು ಘಳಿಗೇಲಿ ಹೋಗಿಬಿಡ್ತದೆ. ಬರದೇ ಇರೋ ಆನೆ ಹೋಗಬೇಕಂದ್ರೆ ವರ್ಷಗಟ್ಟಲೆ ಬೇಕು. ನೀವು ಎಲ್ರಿಗೂ ಕಾಫಿ ಹೇಳಿ.”